ಶೆಟಿಗೆವ್ವ ಬರೆಯದೆ ಬಿಟ್ಟ ವಹಿ

ನನ್ನ ಮಗ ಹುಟ್ಟಿದ ಹತ್ತೊಂಬತ್ತನೆಯ ದಿನದ ಹೊತ್ತಿಗೆ ನಮ್ಮವ್ವ ಒಂದೇ ಮಾತನ್ನು ಮೂವತ್ತೊಂದು ಸಲ ಹೇಳಿದ್ದಳು. ನಾನು ಬರೆದಿಟ್ಟಿದ್ದೇನೆ. ಆ ಮಾತು ಇದು: "ನಿನ್ನ ಬಾಣಂತನದಾಗ ನಲವತ್ತು ದಿನ ಕಿಡಕಿ ಸೈತ ತಗದಿದ್ದಿಲ್ಲ ನಾ. ಒಂದ ಹನಿ ಮ್ಯಾಲಿನ ಹಾಲ ನಿನ್ನ ಬಾಯಾಗ ಹಾಕಿಲ್ಲ."

ನಾನು ಫ್ಯಾನ್ ಹಾಕಿದರೆ ಮೊದಲರ್ಧ ಬರುತ್ತಿತ್ತು. ಕೂಸು ಅತ್ತರೆ ಎರಡನೆಯರ್ಧ, ಅಂದರೆ ತಾಯಿಯದಲ್ಲದ ಹಾಲಿನದು. ಕೂಸು ಅಳುತ್ತಿರುವಾಗ ಫ್ಯಾನೂ ತಿರುಗುತ್ತಿದ್ದರೆ ಪೂರ್ತಿ ಬರುತ್ತಿತ್ತು, ಕೊನೆಗೆ ಒಂದು ನಿಟ್ಟುಸಿರಿನ ಸಮೇತ.

ಬರೆದಿಡುವುದು ನನಗೆ ಏಳನೆಯ ಇಯತ್ತೆಯಿಂದ ಅಂಟಿದ ಚಾಳಿ. ಈಗ ನನ್ನ ಹೊಟ್ಟೆಪಾಡೂ ಅದೇ. ಧಾರವಾಡದ ಒಂದು ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಒದ್ದೆ ಕಾಗದದ ಮೇಲೆ ನೂರು ಬೀಜ ಇಟ್ಟು, ಎಷ್ಟನೆಯ ದಿನ ಎಷ್ಟು ಮೊಳಕೆ ಒಡೆದವು ಎಂದು ಎಣಿಸುತ್ತೇನೆ. ಹೀಗಾಗಿ ಹೆರಿಗೆಗೆ ತವರಿಗೆ ಬರುವಾಗಲೇ ಇನ್ನೂರು ಪುಟದ ಒಂದು ಹೊಸ ವಹಿ ತಂದಿದ್ದೆ. ನಮ್ಮ ಕಡೆ ನೋಟ್‌ಬುಕ್ಕಿಗೆ ಹಾಗೆನ್ನುತ್ತಾರೆ. ಅದರಲ್ಲಿ ಗೆರೆ ಎಳೆದು ಸಾಲು ಮಾಡಿದ್ದೆ. ಕುಡಿದದ್ದು, ಉಚ್ಚಿ ಮಾಡಿದ್ದು, ಮಲಗಿದ್ದು, ಅತ್ತದ್ದು. ಅವ್ವ ಅದನ್ನು ನೋಡಿ, ಬರೆಯುವುದನ್ನು ಬಿಟ್ಟು ಕುಡಿಸುವುದನ್ನು ಮಾಡಿದರೆ ಕೂಸಿಗೆ ಹೆಚ್ಚು ಉಪಯೋಗವಾದೀತು ಎಂದಳು. ಹೀಗೆ ಎಣಿಸಿಕೊಂಡು ಕೂರುವ ತಾಯಿಯನ್ನು ಅವಳು ತನ್ನ ಜೀವಮಾನದಲ್ಲಿ ಕಂಡಿರಲಿಲ್ಲವಂತೆ.

ತವರು ಎಂದರೆ ಈಗ ರಾಯಾಪುರದ ಹೊಸ ಮನೆ. ಅಜ್ಜಿಗೆ ಅವ್ವ ಒಬ್ಬಳೇ ಮಗಳು. ಅಪ್ಪನೂ ಅಲ್ಲಿಗೇ ಬಂದು ಇದ್ದುದರಿಂದ ನಾನು ಹುಟ್ಟಿ ಬೆಳೆದದ್ದೆಲ್ಲ ಹುಬ್ಬಳ್ಳಿಯ ಕಮರಿಪೇಟೆಯ ಅಜ್ಜಿಯ ಮನೆಯಲ್ಲಿ. ಅಪ್ಪ ನಿವೃತ್ತನಾದ ಮೇಲೆ ಎಲ್ಲರೂ ಇಲ್ಲಿಗೆ ಬಂದರು. ಅಜ್ಜಿ ತನ್ನ ಟ್ರಂಕಿನ ಸಮೇತ ಬಂದಳು. ಜೊತೆಗೆ ಕಮರಿಪೇಟೆಯ ಬಾಣಂತನವನ್ನೂ ಒಂದು ಕಟ್ಟು ಬಿಚ್ಚದೆ ಇಲ್ಲಿಗೆ ತಂದಳು.

ಅಜ್ಜಿಯ ತವರು ಸುಳ್ಳ ಎಂಬ ಹಳ್ಳಿ. ನನಗೆ ಒಂಬತ್ತು ತಿಂಗಳು ತುಂಬುವ ಮುಂಚೆಯೇ ಅಲ್ಲಿಂದ ಒಂದು ಚೀಲ ಸಗಣಿಯ ಕುಳ್ಳು ತರಿಸಿಟ್ಟಿದ್ದಳು. ದಿನಾ ಮುಂಜಾನೆ ಕೂಸಿಗೂ ನನಗೂ ಎರೆದ ಮೇಲೆ ಹೊರಸಿನ ಕೆಳಗೆ ಕುಳ್ಳಿನ ಕೆಂಡ ಇಟ್ಟು, ಅದರ ಮೇಲೆ ಅಜವಾನ, ಅಂದರೆ ಓಮದಕಾಳು ಚೆಲ್ಲಿ, ಕಿಡಕಿ ಮುಚ್ಚಿ, ತಲೆಗೆ ಬಟ್ಟೆ ಕಟ್ಟಿ ನನ್ನನ್ನು ಮಲಗಿಸುತ್ತಿದ್ದಳು. ಮೂರನೆಯ ದಿನ ಮೇಲಿನ ಮಹಡಿಯ ಬಾಡಿಗೆಯವರು ಹೊಗೆ ನೋಡಿ ಬಕೆಟ್ಟಿನಲ್ಲಿ ನೀರು ಹಿಡಿದುಕೊಂಡು ಓಡಿ ಬಂದರು. ಅಜ್ಜಿ ಅವರನ್ನು ಕೂರಿಸಿ ಎರಡು ಅಂಟಿನ ಉಂಡಿ ಕೊಟ್ಟು ಕಳಿಸಿದಳು. ಮರುದಿನ ಅವರು ಬಕೆಟ್ ಇಲ್ಲದೆ ಬಂದರು.

ಊಟಕ್ಕೆ ಮೆಣಸಿನಕಾಯಿ ಇಲ್ಲ, ಹುಳಿ ಇಲ್ಲ. ಬಿಸಿ ಅನ್ನ, ತುಪ್ಪ, ಬಳ್ಳೊಳ್ಳಿ, ಮೆಂತ್ಯ, ಮತ್ತೆ ಹೊತ್ತು ಹೊತ್ತಿಗೆ ಅಳ್ವಿ ಪಾಯಸ. ಅಳ್ವಿ ಎಂದರೆ ಸಾಸಿವೆಗಿಂತ ಸ್ವಲ್ಪ ಉದ್ದನೆಯ ಕೆಂಪು ಬೀಜ, ನೆನೆಸಿದರೆ ಲೋಳೆಯಾಗುತ್ತದೆ. ಹಾಲು ಇಳಿಯಲು ಅದಕ್ಕಿಂತ ದೊಡ್ಡ ಔಷಧ ಇಲ್ಲ ಎಂಬುದು ಅಜ್ಜಿಯ ನಂಬಿಕೆ. ಕಮರಿಪೇಟೆಯಲ್ಲಿ ಅವಳ ಕೈಯಲ್ಲಿ ಬಾಣಂತನ ಮಾಡಿಸಿಕೊಂಡವರು ಇಪ್ಪತ್ಮೂರು ಮಂದಿ. ಅವರಲ್ಲಿ ಒಬ್ಬಳಿಗೂ ಹಾಲು ಸಾಲದಾಗಿರಲಿಲ್ಲ. ಅವಳು ಬೆರಳು ಮಡಿಸಿ ಎಲ್ಲರನ್ನೂ ಹೇಳುತ್ತಿದ್ದಳು, ಕೊನೆಯ ಬೆರಳು ಅವ್ವನದು.

ಐದನೆಯ ದಿನ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂದು ನಮ್ಮಲ್ಲಿ ತೊಟ್ಟಿಲಿನ ಹತ್ತಿರ ದೀಪ ಹಚ್ಚಿ, ಖಾಲಿ ಹಾಳಿಯೋ ವಹಿಯೋ ಒಂದನ್ನು ಪೆನ್ನಿನ ಜೊತೆ ಇಡುವ ಪದ್ಧತಿ. ಅಪ್ಪನಿಗೆ ಹೇಳಿದ್ದರು, ಅಪ್ಪ ಮರೆತಿದ್ದ. ಅಂಗಡಿ ದೂರ. ಕೊನೆಗೆ ಅಜ್ಜಿ ನನ್ನ ದಿಂಬಿನ ಕೆಳಗಿನ ವಹಿಯನ್ನೇ ಎತ್ತಿ ಅರಿಷಿಣ ಕುಂಕುಮ ಹಚ್ಚಿ ಇಟ್ಟುಬಿಟ್ಟಳು. ಅವತ್ತಿನ ನಾಲ್ಕು ಸಲ ಕುಡಿಸಿದ್ದನ್ನು ನಾನು ಕೈಯ ಮೇಲೆ ಬರೆದುಕೊಳ್ಳಬೇಕಾಯಿತು.

ಮರುದಿನ ಮುಂಜಾನೆ ಅಜ್ಜಿ ವಹಿಯನ್ನು ನನ್ನ ಕೈಗಿಟ್ಟು, ಏನು ಬರೆದಿದ್ದಾಳೆ ನೋಡು ಎಂದಳು. ಅಜ್ಜಿಗೆ ಓದಲು ಬರುವುದಿಲ್ಲ. ನಾನು ತೆರೆದು ನೋಡಿದೆ. ನನ್ನದೇ ಐದು ದಿನದ ಲೆಕ್ಕ ಇತ್ತು, ಅದರ ಮೇಲೆ ಒಂದು ಹನಿ ಎಣ್ಣೆ ಬಿದ್ದಿತ್ತು. ಏನೂ ಇಲ್ಲ ಎಂದೆ.

"ಎಲ್ಲೆ ಬರೀಬೇಕು ಪಾಪ ಅಕಿ," ಎಂದಳು ಅಜ್ಜಿ. "ನೀ ಜಾಗಾ ಇಟ್ಟರಲ್ಲ."

ನಾನು ಹುಟ್ಟಿದಾಗ ಇಟ್ಟಿದ್ದ ವಹಿ ಅಚ್ಚ ಹೊಸದಾಗಿತ್ತಂತೆ, ಒಂದು ಅಕ್ಷರ ಇರಲಿಲ್ಲವಂತೆ, ಈಗಲೂ ಟ್ರಂಕಿನಲ್ಲಿ, ನಾನು ಕೂಸಾಗಿದ್ದಾಗ ತಲೆಗೆ ತೊಟ್ಟ ಕುಂಚಿಗೆಯೊಳಗೆ ಸುತ್ತಿ ಇಟ್ಟಿದ್ದಾಳಂತೆ. ಅಜ್ಜಿ ಇದನ್ನು ಹೇಳುತ್ತಿರುವಾಗ ಅವ್ವ ಅಡುಗೆಮನೆಯಿಂದ ಬಂದು, ಅಜ್ಜಿ ಬಿ.ಪಿ. ಗುಳಿಗೆ ತೆಗೆದುಕೊಂಡಳೋ ಇಲ್ಲವೋ ಎಂದು ಕೇಳಿದಳು. ಕಾಲು ಗಂಟೆಯ ಹಿಂದೆ ಅವಳೇ ಕೊಟ್ಟಿದ್ದಳು. ನಾನು ಆ ಪ್ರಶ್ನೆಯನ್ನೂ ಬರೆದುಕೊಂಡೆ. ಯಾಕೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಹದಿನಾಲ್ಕನೆಯ ದಿನ ಮಕ್ಕಳ ಡಾಕ್ಟರ ಹತ್ತಿರ ತೂಕ ಮಾಡಿಸಬೇಕಿತ್ತು. ನನ್ನ ಗಂಡ ಧಾರವಾಡದಿಂದ ಬಂದು ಕರೆದುಕೊಂಡು ಹೋದ. ಹುಟ್ಟಿದಾಗ ಮಗ ಎರಡು ಕಿಲೋ ಒಂಬೈನೂರು ಗ್ರಾಂ ಇದ್ದ. ಈಗ ತಕ್ಕಡಿ ಎರಡು ಕಿಲೋ ಏಳುನೂರು ತೋರಿಸಿತು. ಡಾಕ್ಟರು ಇನ್ನೊಮ್ಮೆ ಇಟ್ಟು ನೋಡಿದರು. ಅದೇ ಏಳುನೂರು. ಮೊದಲ ವಾರ ಇಳಿಯುವುದು ಸಹಜ, ಆದರೆ ಇಷ್ಟೊತ್ತಿಗೆ ಮತ್ತೆ ಏರಬೇಕಿತ್ತು ಎಂದರು. ಎದೆಹಾಲು ಬಿಡಿಸಬೇಡ, ಕುಡಿಸಿದ ಮೇಲೆ ದಿನಕ್ಕೆ ಇಷ್ಟು ಸಲ ಡಬ್ಬಿ ಹಾಲನ್ನೂ ಬಟ್ಟಲಿನಿಂದ ಕೊಡು, ಏಳು ದಿನ ಬಿಟ್ಟು ಬಾ, ಹುಟ್ಟಿದಾಗಿನ ತೂಕ ಮುಟ್ಟಿರಬೇಕು ಎಂದರು.

ನಮ್ಮ ಪ್ರಯೋಗಾಲಯದಲ್ಲಿ ಮೊಳಕೆ ಕಡಿಮೆ ಬಂದ ಚೀಲಕ್ಕೆ ಒಂದು ಕೆಂಪು ಚೀಟಿ ಅಂಟಿಸುತ್ತೇವೆ. ಎಷ್ಟೋ ಚೀಲಕ್ಕೆ ನಾನೇ ಅಂಟಿಸಿದ್ದೇನೆ. ಮನೆಗೆ ಬರುವಾಗ ಆಟೋದಲ್ಲಿ ಯಾರೋ ನನ್ನ ಬೆನ್ನಿಗೆ ಅದನ್ನು ಅಂಟಿಸಿದ್ದಾರೆ ಅನ್ನಿಸುತ್ತಿತ್ತು. ಬಾಗಿಲಲ್ಲೇ ಅವ್ವ, ಎಷ್ಟು ತುಂಬಿದ್ದಾನೆ ಎಂದು ಕೇಳಿದಳು. ಎಲ್ಲಾ ಛಲೋ ಐತಿ ಎಂದೆ. ಅವಳು ಬೈಯುತ್ತಾಳೆ ಎಂಬ ಹೆದರಿಕೆ ಇರಲಿಲ್ಲ. ಆ ಮಾತನ್ನು ಇನ್ನೊಂದು ಸಲ ಹೇಳುತ್ತಾಳೆ, ಈ ಸಲ ಅದು ನಿಜವಾಗಿಯೂ ನನಗೇ ಹೇಳಿದ್ದಾಗುತ್ತದೆ, ಅದನ್ನು ತಡೆದುಕೊಳ್ಳುವ ಶಕ್ತಿ ನನಗೆ ಇರಲಿಲ್ಲ.

ಆಟೋದ ಹಿಂದೆ ಬೈಕಿನಲ್ಲಿ ಬಂದ ನನ್ನ ಗಂಡ ಡಬ್ಬಿಯನ್ನು ಹೆಲ್ಮೆಟ್ಟಿನೊಳಗೆ ಇಟ್ಟುಕೊಂಡು ಒಳಗೆ ತಂದ. ಅವತ್ತು ಅವನು ಹೆಲ್ಮೆಟ್ಟನ್ನು ಕೂಸಿನಂತೆ ಎದೆಗವಚಿಕೊಂಡೇ ಚಹಾ ಕುಡಿದ. ಅಪ್ಪ ಎರಡು ಸಲ ಅದನ್ನು ಇಸಿದುಕೊಂಡು ಮೊಳೆಗೆ ತೂಗುಹಾಕಲು ನೋಡಿದ.

ಅಂದಿನಿಂದ ನನ್ನ ಕಳ್ಳತನ ಶುರುವಾಯಿತು. ಪುಡಿ ಕಲಸಲು ಬಿಸಿನೀರು ಬೇಕು. ಆದರೆ ಬಾಣಂತಿಯ ಥರ್ಮಾಸಿನಲ್ಲಿ ಇರುವುದೆಲ್ಲ ಅಜವಾನದ ನೀರು. ನನಗೆ ಸಪ್ಪೆ ನೀರು ಬೇಕು ಎಂದಾಗ ಅಜ್ಜಿ ನನ್ನನ್ನು ಬಹಳ ಹೊತ್ತು ನೋಡಿ, ಸಪ್ಪೆ ನೀರು ಕುಡಿದರೆ ಹೊಟ್ಟೆ ದೊಡ್ಡದಾಗುತ್ತದೆ ಎಂದು ಎಚ್ಚರಿಸಿದಳು. ಗಂಟಲು ಕೆರೆಯುತ್ತದೆ ಎಂದೆ. ಗಂಟಲಿಗೆ ಶುಂಠಿ ಹಾಕಿಕೊಟ್ಟಳು. ಗಂಟಲು ವಾಸಿಯಾಯಿತು, ಆದರೆ ಮುಖ ತೊಳೆಯಲು ನೀರು ಬೇಕು ಎಂದೆ. ಹೀಗೆ ದಿನಕ್ಕೆ ಆರು ಸಲ ಕುದಿಸಿದ ನೀರಿನಲ್ಲಿ ಮುಖ ತೊಳೆಯುವ ಬಾಣಂತಿ ನಾನಾದೆ. ಮಗ ಬಟ್ಟಲಿಗೆ ತುಟಿ ಹಚ್ಚಿ ಗಟಗಟ ಕುಡಿಯುವಾಗ ನನಗೆ ಜೀವ ತಂಪಾಗುತ್ತಿತ್ತು, ಮರುಗಳಿಗೆ ಅಳು ಬರುತ್ತಿತ್ತು. ವಹಿಯಲ್ಲಿ ಅದನ್ನು ಹಾಲು ಎಂದು ಬರೆಯಲು ಧೈರ್ಯವಿರಲಿಲ್ಲ. ಒಂದು ಬಟ್ಟಲಿಗೆ ಒಂದು ಚುಕ್ಕಿ ಇಟ್ಟೆ.

ಡಬ್ಬಿ ಇಡಲು ಜಾಗ ಹುಡುಕುವುದು ಇನ್ನೂ ಕಷ್ಟ. ಹೊರಸಿನ ಕೆಳಗೆ ಕೆಂಡ. ಕಪಾಟನ್ನು ಅವ್ವ ದಿನಾ ಜೋಡಿಸುತ್ತಾಳೆ. ಕೊನೆಗೆ ಹೊಳೆದದ್ದು ಅಜ್ಜಿಯ ಟ್ರಂಕು. ಕೋಣೆಯ ಮೂಲೆಯಲ್ಲಿ, ಮೇಲೆ ಚಾದರ ಹೊದ್ದುಕೊಂಡು ಕೂತಿತ್ತು. ಬೀಗ ಕೆಟ್ಟು ಎಷ್ಟೋ ವರ್ಷವಾಗಿತ್ತು. ಹದಿನೈದನೆಯ ದಿನ ಮಧ್ಯಾಹ್ನ ಅವರಿಬ್ಬರೂ ಮಲಗಿದಾಗ ಮುಚ್ಚಳ ಎತ್ತಿದೆ. ಡಾಂಬರು ಗುಳಿಗೆಯ ವಾಸನೆ ಬಂತು. ಮೇಲೆ ಖಣಗಳ ಕಟ್ಟು, ಕೆಳಗೆ ಸೀರೆ, ಅದರ ಕೆಳಗೆ ಒಂದು ಹಳದಿ ಕುಂಚಿಗೆ. ಕುಂಚಿಗೆಯೊಳಗೆ ವಹಿ.

ನೋಡಿ ತಿರುಗಿ ಇಡೋಣ ಎಂದು ತೆರೆದೆ. ಮೊದಲ ಪುಟದಲ್ಲಿ ಕುಂಕುಮದ ಬೊಟ್ಟು ಮಾತ್ರ ಇತ್ತು. ಶೆಟಿಗೆವ್ವ ನನಗೂ ಏನೂ ಬರೆದಿರಲಿಲ್ಲ. ಎರಡನೆಯ ಪುಟದಿಂದ ನಮ್ಮವ್ವ ಬರೆದಿದ್ದಳು.

ಅವಳ ಅಕ್ಷರವೇ. ಈಗಲೂ ಕಿರಾಣಿ ಯಾದಿ ಬರೆಯುವಾಗ ಅವಳು ಹಾಕುವ ಅದೇ ಉದ್ದ ಕೊಂಬು. ಸಣ್ಣ ಸಣ್ಣ ಗೆರೆ ಎಳೆದು, ಐದಕ್ಕೊಂದು ಅಡ್ಡಗೆರೆ ಹಾಕಿ ಎಣಿಸಿದ್ದಳು. "ದಿನ ೬. ಕೂಸು ಅತ್ತದ್ದು ೧೪. ನಾ ಅತ್ತದ್ದು ೯." ಎಣಿಸಿಕೊಂಡು ಕೂರುವ ತಾಯಿಯನ್ನು ಜೀವಮಾನದಲ್ಲಿ ಕಾಣದವಳು ಬರೆದದ್ದು ಇದು. ನಾನು ಟ್ರಂಕಿನ ಮುಂದೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಮುಂದಿನ ಸಾಲು ಓದಿದಾಗ ನಗು ನಿಂತಿತು. "ಹಾಲು ಇಲ್ಲ."

ಮರುದಿನದಿಂದ ಹೊಸದೊಂದು ಸಾಲು ಸೇರಿತ್ತು. "ದಿನ ೭. ಕಿಡಕಿ ೨." "ದಿನ ೮. ಕಿಡಕಿ ೩." ದಿನಾ ಎರಡೋ ಮೂರೋ. ನಡುನಡುವೆ, ವಾರಕ್ಕೆ ಎರಡು ಮೂರು ಸಲ, ಪಕ್ಕದಲ್ಲಿ ಸಣ್ಣದಾಗಿ "ಮಿರ್ಚಿ ೧." ಮೂವತ್ತನಾಲ್ಕನೆಯ ದಿನದ ಎದುರು "ಕಿಡಕಿ ಇಲ್ಲ. ನಂದ ಸಾಕಾತು" ಎಂದಿತ್ತು. ಅಲ್ಲಿಗೆ ಮುಗಿದಿತ್ತು.

ಮಿರ್ಚಿ ಎಂದರೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮೆಣಸಿನಕಾಯಿ ಎಂದು ಹುಬ್ಬಳ್ಳಿಯಲ್ಲಿ ಹುಟ್ಟಿದವರಿಗೆ ಹೇಳಬೇಕಿಲ್ಲ. ಕಿಡಕಿಯೂ ನನಗೆ ಗೊತ್ತು. ಕಮರಿಪೇಟೆಯ ಮನೆಯ ಹಿಂದಿನ ಕೋಣೆಯಲ್ಲಿ, ಎರಡು ಸರಳು ಕಿತ್ತುಹೋಗಿದ್ದ, ಕಟ್ಟಿಗೆ ಕದದ ಒಂದೇ ಒಂದು ಕಿಡಕಿ ಇತ್ತು. ಅದು ತೆರೆಯುತ್ತಿದ್ದುದು ಪಕ್ಕದ ಮನೆಯ ಅಡುಗೆಮನೆಗೆ. ಅಲ್ಲಿದ್ದವರು ಒಬ್ಬ ಮೋಟಾರ್ ಮೆಕ್ಯಾನಿಕ್, ಅವರ ಹೆಂಡತಿ, ನನಗಿಂತ ಎರಡು ತಿಂಗಳಿಗೆ ದೊಡ್ಡವನಾದ ಅವರ ಮಗ. ಆಕೆಯನ್ನು ನಾನು ಖಾಲಾ ಎನ್ನುತ್ತೇನೆ. ನಮ್ಮ ಹೋಳಿಗೆ ಆ ಕಿಡಕಿಯಿಂದ ಹೋಗುತ್ತಿತ್ತು, ರಂಜಾನಿಗೆ ಅವರ ಶಾವಿಗೆಯ ಸುರಕುಂಬಾ ಅದರಿಂದಲೇ ಬರುತ್ತಿತ್ತು. ಹಾಗಾದರೆ ಅವ್ವ ಬಾಣಂತನದಲ್ಲಿ ಕಿಡಕಿ ತೆರೆದು ಮಿರ್ಚಿ ತಿಂದಿದ್ದಳು. ಅಷ್ಟು ಸ್ಪಷ್ಟ. ಆದರೆ ಮಿರ್ಚಿ ವಾರಕ್ಕೆ ಎರಡು ಮೂರು, ಕಿಡಕಿ ದಿನಕ್ಕೆ ಎರಡು ಮೂರು. ಲೆಕ್ಕ ಹೊಂದುತ್ತಿರಲಿಲ್ಲ.

ಡಬ್ಬಿಯನ್ನು ಸೀರೆಗಳ ನಡುವೆ ಹೂತಿಟ್ಟೆ. ವಹಿಯನ್ನು ನನ್ನ ವಹಿಯ ಜೊತೆ ದಿಂಬಿನ ಕೆಳಗೆ ಇಟ್ಟುಕೊಂಡೆ.

ಅವ್ವನನ್ನು ಬಾಯಿಬಿಡಿಸಲು ನಾಲ್ಕು ಸಲ ನೋಡಿದೆ. ಕಮರಿಪೇಟೆಯ ಆ ಕಿಡಕಿಗೆ ಎಷ್ಟು ಸರಳಿದ್ದವು ಎಂದು ಕೇಳಿದೆ, ನೆನಪಿಲ್ಲ ಎಂದಳು. ಬಾಣಂತನದಲ್ಲಿ ಖಾರ ತಿನ್ನಬೇಕು ಅನ್ನಿಸಿರಲಿಲ್ಲವೇ ಎಂದು ಕೇಳಿದೆ. ಮನಸ್ಸಿನಲ್ಲಿ ಬಂದರೂ ಕೂಸಿನ ಹೊಟ್ಟೆ ಕೆಡುತ್ತದೆ ಎಂದಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ನನಗೆ ಅವಳ ಮೇಲೆ ಗೌರವ ಹೆಚ್ಚಿತು.

ಹತ್ತೊಂಬತ್ತನೆಯ ದಿನ ಖಾಲಾ ಕೂಸನ್ನು ನೋಡಲು ಬಂದಳು. ಕಮರಿಪೇಟೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಕೈಯಲ್ಲಿ ತಾನೇ ಹೊಲಿದ ಕುಲಾಯಿ ಇತ್ತು. ಕೋಣೆಯಲ್ಲಿ ನಾವು ನಾಲ್ವರೇ ಹೆಂಗಸರು. ಅಜ್ಜಿ ಕೆಳಗೆ ಕೂತು ಉಂಡಿಗೆ ಒಣಕೊಬ್ಬರಿ ಹೆರೆಯುತ್ತಿದ್ದಳು. ಖಾಲಾ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು, ಕೆನ್ನೆ ಮುಟ್ಟಿ, ಅಂಗಾಲು ಒತ್ತಿ, ಬೆರಳು ಚೀಪಿಸಿ ನೋಡಿದಳು. ಈ ಹುಡುಗನಿಗೆ ಇನ್ನೂ ಹಸಿವಿದೆ ಎಂದಳು. ಅವ್ವ ಒಣಗಿದ ಬಟ್ಟೆ ಮಡಿಸತೊಡಗಿದಳು. ಖಾಲಾನ ಮುಖ ನೋಡಲಿಲ್ಲ.

ಅಷ್ಟರಲ್ಲಿ ಅಜ್ಜಿ ಕೊಬ್ಬರಿ ಕೆಳಗಿಟ್ಟು ಎದ್ದಳು. ಮನೆಗೆ ಬಂದ ಹೆಂಗಸನ್ನು ಬರಿಗೈಯಲ್ಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಒಂದು ಖಣವನ್ನಾದರೂ, ಅಂದರೆ ಕುಪ್ಪಸದ ಬಟ್ಟೆಯನ್ನಾದರೂ ಕೊಡಲೇಬೇಕು. ಖಣ ಇರುವುದು ಟ್ರಂಕಿನಲ್ಲಿ. ದಿನಕ್ಕೆ ಎಷ್ಟು ಉಚ್ಚಿ ಎಂದು ಎಣಿಸುವ ನಾನು, ಕೂಸು ನೋಡಲು ಹೆಂಗಸರು ಬರುತ್ತಾರೆ, ಬಂದವರಿಗೆ ಖಣ ಕೊಡುತ್ತಾರೆ ಎಂಬುದನ್ನು ಎಣಿಸಿರಲಿಲ್ಲ. ಅಜ್ಜಿಯನ್ನು ತಡೆಯಲು ನನಗೆ ತೋಚಿದ್ದು ಒಂದೇ, ಜೋರಾಗಿ ಕೆಮ್ಮುವುದು. ಗಂಟಲು ಮತ್ತೆ ಕೆರೆಯಿತೇ ಎಂದು ಕೇಳುತ್ತಲೇ ಅಜ್ಜಿ ಮುಚ್ಚಳ ಎತ್ತಿದಳು.

ಮೇಲಿನ ಖಣ ಅವಳಿಗೆ ಹಿಡಿಸಲಿಲ್ಲ. ಖಾಲಾಗೆ ಹಸಿರು ಒಪ್ಪುತ್ತದೆ ಎಂದು ಕೆಳಗೆ ಕೈ ಹಾಕಿದಳು. ಕೈಗೆ ಡಬ್ಬಿ ಬಂತು. ಅದರ ಮೇಲಿನ ದುಂಡು ಕೆನ್ನೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದ್ಯಾರ ಕೂಸು?"

ಖಾಲಾ ಮೆಲ್ಲಗೆ ಹೇಳಿದಳು. "ಡಬ್ಬಿ ಹಾಲ್ರಿ ಅಮ್ಮಾರ."

ಅವ್ವ ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದಳು. ಅರ್ಧ ಖಾಲಿಯಾಗಿತ್ತು. ನನ್ನನ್ನು ನೋಡಿದಳು. ನಾನು ಆಫೀಸಿನ ಗೆಳತಿಯೊಬ್ಬಳು ಬಿಟ್ಟುಹೋದದ್ದು ಎಂದು ಹೇಳಲು ಮೊದಲೇ ತಯಾರಿ ಮಾಡಿಕೊಂಡಿದ್ದೆ. ಬಾಯಿಂದ ಬಂದದ್ದು ತೂಕ. ಎರಡು ಒಂಬೈನೂರು, ಎರಡು ಏಳುನೂರು, ಏಳು ದಿನದ ಗಡುವು. ನಾಡಿದ್ದು ಮತ್ತೆ ತಕ್ಕಡಿಗೆ ಇಡಬೇಕು, ನನಗೆ ಹಾಲು ಸಾಲುತ್ತಿಲ್ಲ. ಹೇಳುತ್ತ ಅತ್ತೆ.

"ನನಗ್ಯಾಕ ಹೇಳಲಿಲ್ಲ?" ಎಂದಳು ಅವ್ವ.

"ಹೆಂಗ ಹೇಳ್ಲಿ? ನೀ ನನ್ನ ಬಾಯಾಗ ಒಂದ ಹನಿ ಮ್ಯಾಲಿನ ಹಾಲ ಹಾಕಿಲ್ಲ."

ಖಾಲಾ ನಕ್ಕಳು. ಬೇಕೆಂದು ನಕ್ಕದ್ದಲ್ಲ, ತಡೆಯಲಾಗದೆ ಬಂದದ್ದು. "ಒಂದ ಹನಿ ಎಲ್ಲಿದು ಬೇಟಾ? ಹೊಟ್ಟಿ ತುಂಬ ಕುಡೀತಿದ್ದಿ."

ಅವ್ವ ಅವಳ ತೋಳು ಹಿಡಿದು ಒತ್ತಿದಳು. ಆದರೆ ನಾನು ಆಗಲೇ ದಿಂಬಿನ ಕೆಳಗಿನಿಂದ ಹಳೆಯ ವಹಿ ತೆಗೆದಿದ್ದೆ. ಏಳನೆಯ ದಿನದ ಪುಟ ತೆರೆದು ಅವಳ ಮುಂದೆ ಹಿಡಿದೆ. ಅವ್ವ ತನ್ನದೇ ಅಕ್ಷರವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಹೊರಸಿನ ಅಂಚಿಗೆ ಕೂತಳು.

"ನನಗ ಹಾಲ ಇದ್ದಿದ್ದಿಲ್ಲ," ಎಂದಳು. "ಇಪ್ಪತ್ತೇಳು ದಿನ. ಇಕಿ ಕುಡಿಸ್ಯಾಳ ನಿನಗ."

ಒಮ್ಮೆ ಶುರುವಾದ ಮೇಲೆ ಎಲ್ಲ ಹೇಳಿದಳು. ಐದನೆಯ ದಿನದಿಂದ ನಾನು ಒಂದೇ ಸಮ ಅಳುತ್ತಿದ್ದೆ. ಅಳ್ವಿ ಕುಡಿದೂ ಕುಡಿದೂ ಅವಳಿಗೆ ಹಾಲು ಇಳಿಯಲಿಲ್ಲ. ಗೋಡೆಯಾಚೆ ನನ್ನ ಅಳು ಕೇಳಿ ಕೇಳಿ ತಡೆಯಲಾಗದೆ ಒಂದು ಮಧ್ಯಾಹ್ನ ಖಾಲಾ ಕಿಡಕಿ ಬಡಿದು, ಕೂಸನ್ನು ಇತ್ತ ಕೊಡು ಎಂದಳು. ಅವಳ ಮಗನಿಗೆ ಆಗ ಎರಡು ತಿಂಗಳು, ಅವಳಿಗೆ ಇಬ್ಬರಿಗಾಗುವಷ್ಟು ಹಾಲಿತ್ತು. ಮಧ್ಯಾಹ್ನ ಅಜ್ಜಿ ಮಲಗಿದಾಗ ಒಂದು ಸಲ, ಸಂಜೆ ಅಜ್ಜಿ ಮಠಕ್ಕೆ ಹೋದಾಗ ಒಂದು ಸಲ, ಮುಂಜಾನೆ ಅಜ್ಜಿ ಎರೆಯಲು ನೀರು ಕಾಯಿಸುವಾಗ ಆದರೆ ಒಂದು ಸಲ, ಸರಳಿಲ್ಲದ ಆ ಸಂದಿಯಿಂದ ನಾನು ಹೋಗಿ ಬರುತ್ತಿದ್ದೆ. ಬರೆದಿಟ್ಟದ್ದು ಯಾಕೆ ಎಂದರೆ, ಇಷ್ಟು ಸಲ ಕೊಟ್ಟಿದ್ದಾಳೆ, ಮುಂದೆ ಎಂದಾದರೂ ಋಣ ತೀರಿಸಬೇಕಾದರೆ ಲೆಕ್ಕ ಇರಲಿ ಎಂದು. ಬೇರೆ ಕಾಗದ ಕೈಗೆ ಸಿಗಲಿಲ್ಲ. ಶೆಟಿಗೆವ್ವ ಹೇಗೂ ಬರೆದಿರಲಿಲ್ಲ.

ನನಗೆ ಇನ್ನೊಂದು ಲೆಕ್ಕವೂ ಅಲ್ಲೇ ಹೊಂದಿತು. ಖಾಲಾನ ಮಗನಿಗೆ ನಾನು ಇಪ್ಪತ್ತೆರಡು ವರ್ಷ ರಾಖಿ ಕಟ್ಟಿದ್ದೇನೆ, ಬರೆದಿಟ್ಟಿದ್ದೇನೆ. ಜಗಳವಾಡಿದ ವರ್ಷವೂ ಅವ್ವ ನನ್ನ ಕಿವಿ ಹಿಡಿದು ಕಟ್ಟಿಸಿದ್ದಳು. ಒಬ್ಬಳ ಹಾಲು ಕುಡಿದ ಮಕ್ಕಳು ಒಡಹುಟ್ಟಿದವರ ಹಾಗೇ, ತಮ್ಮಲ್ಲಿ ಅದು ಗಟ್ಟಿ ನೇಮ ಎಂದು ಖಾಲಾ ಹೇಳಿದ್ದಳಂತೆ.

ಇಷ್ಟೆಲ್ಲ ಆಗುವಾಗ ಅಜ್ಜಿ ಹಸಿರು ಖಣ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಮೂವತ್ತು ವರ್ಷ ಅವ್ವ ಇದನ್ನು ಬಚ್ಚಿಟ್ಟದ್ದು ಅವಳಿಗೋಸ್ಕರ. ಅಜ್ಜಿ ಓಣಿಯಲ್ಲೆಲ್ಲ ತನ್ನ ಅಳ್ವಿಯ ಹೆಸರು ಹೇಳಿಕೊಂಡು ತಿರುಗುತ್ತಿದ್ದಳು, ಅವಳ ಸ್ವಂತ ಮಗಳಿಗೇ ಅದು ಹತ್ತಲಿಲ್ಲ ಎಂದು ಹೇಳಲು ಅವ್ವನಿಗೆ ಬಾಯಿ ಬರಲಿಲ್ಲ. "ಹೇಳಿ ಹೇಳಿ ಕಡೀಕ ನನಗೂ ಖರೇ ಅನಿಸಿಬಿಟ್ಟಿತ್ತು," ಎಂದಳು. ಅಜ್ಜಿ ಏನೆನ್ನುತ್ತಾಳೋ ಎಂದು ಮೂವರೂ ಕಾದೆವು.

"ಕಿಡಕ್ಯಾಗ ಬರೇ ಕೂಸ ಹೋಗ್ತಿತ್ತೇನ?" ಎಂದಳು ಅಜ್ಜಿ. "ಈ ಕಡೆ ಏನೂ ಬರ್ತಿದ್ದಿಲ್ಲ? ನನಗ ಒಮ್ಮೊಮ್ಮೆ ಸಂಜೀಕ ಮಠದಿಂದ ಬಂದರ ಕೋಣ್ಯಾಗ ಎಣ್ಣಿ ನಾತ ಬಡೀತಿತ್ತು."

ಅವ್ವ ನೆಲ ನೋಡಿದಳು. ಖಾಲಾ ಮಗನ ಕುಲಾಯಿ ಸರಿಮಾಡತೊಡಗಿದಳು. ನಾನು ಪುಟ ತಿರುವಿ ಎಣಿಸಿದೆ. "ಮಿರ್ಚಿ ಹನ್ನೊಂದು," ಎಂದೆ.

ಅಜ್ಜಿಗೆ ಸಿಟ್ಟು ಬಂದದ್ದು ಆಗ. ಹಾಲಿನ ಬಗ್ಗೆ ಅವಳು ಒಂದೇ ಮಾತು ಹೇಳಿದಳು. ಕೂಸು ಬದುಕಲಿ ಎಂದು ಎದೆ ಕೊಟ್ಟವಳಿಗೆ ಇಷ್ಟು ವರ್ಷ ಬರೀ ಖಣ ಕೊಟ್ಟು ಕಳಿಸಿದೆನಲ್ಲ ಎಂದು. ಖಣವನ್ನು ಟ್ರಂಕಿಗೆ ಎಸೆದು, ಕಪಾಟಿನಲ್ಲಿರುವ ಇಳಕಲ್ ಸೀರೆ ತಾ ಎಂದು ಅವ್ವನಿಗೆ ಹೇಳಿದಳು. ಯಾವುದು ಎಂದು ಅವ್ವ ಕೇಳಿದಳು. ನಿನಗೆ ಯಾವುದು ಬಹಳ ಸೇರುತ್ತದೋ ಅದು ಎಂದಳು. ಅವ್ವ ತಂದಳು. ಆಮೇಲೆ ಅಜ್ಜಿ ಮತ್ತೆ ಮಿರ್ಚಿಗೆ ಬಂದಳು.

"ನೀ ಒಬ್ಬಾಕಿ ಹೆಂಗ ಸಪ್ಪನ್ನ ಉಣಬೇಕಂತ ನಲವತ್ತು ದಿನ ನಾನೂ ನಿನ್ನ ಜೋಡಿ ಸಪ್ಪಂದ ಉಂಡೇನಿ. ಒಂದ ಹಸಿಮೆಣಸಿನಕಾಯಿ ಮುಟ್ಟಿದ್ದಿಲ್ಲ. ನೀವಿಬ್ರೂ ಹನ್ನೊಂದು ಮಿರ್ಚಿ ತಿಂದ್ರಿ. ಒಂದರೆ ನನಗ ಕೊಟ್ರಿ?"

ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ. ಅವಳು ಒಮ್ಮೆಲೇ ಅತ್ತಳು, ಅದರ ನಡುವೆಯೇ ನಕ್ಕಳು. ಅದನ್ನು ಯಾವ ಸಾಲಿನಲ್ಲಿ ಬರೆಯಬೇಕೋ ನನಗೆ ತಿಳಿಯಲಿಲ್ಲ.

ಡಬ್ಬಿ ಅವತ್ತೇ ಟ್ರಂಕಿನಿಂದ ಮೇಲೆದ್ದು ದೇವರ ಜಗುಲಿಯ ಪಕ್ಕದ ಹಲಗೆಯ ಮೇಲೆ ಕೂತಿತು. ಅಜ್ಜಿ ತಾನೇ ಸಪ್ಪೆ ನೀರು ಕಾಯಿಸಿ ಕೊಡತೊಡಗಿದಳು. ನಾನು ಇಷ್ಟು ದಿನ ಮುಖ ತೊಳೆದದ್ದಕ್ಕೆಲ್ಲ ಈಗ ಕಾರಣ ತಿಳಿಯಿತು ಎಂದಳು. ಆದರೂ ಅಳ್ವಿ ನಿಲ್ಲಲಿಲ್ಲ, ಇನ್ನೊಂದು ಹೊತ್ತು ಹೆಚ್ಚಾಯಿತು. ಅವ್ವ ನನ್ನ ವಹಿ ಇಸಿದುಕೊಂಡು ಚುಕ್ಕಿಗಳನ್ನು ನೋಡಿ, ಬರೀ ಚುಕ್ಕಿ ಇಟ್ಟರೆ ಎಷ್ಟು ಕುಡಿದ ಎಂದು ಹೇಗೆ ತಿಳ್ಕೋಬೇಕು ಎಂದು ಬೈದಳು. ಅಳತೆಗೆ ಒಂದು ಹೊಸ ಸಾಲು ಎಳೆದಳು. ನನ್ನ ಗೆರೆಗಿಂತ ಅವಳದು ನೆಟ್ಟಗಿದೆ.

ಇಪ್ಪತ್ತೊಂದನೆಯ ದಿನ ತೂಕಕ್ಕೆ ಅವ್ವನೂ ಬಂದಳು. ತಕ್ಕಡಿಯ ಮೇಲೆ ಮಗನನ್ನು ಮಲಗಿಸಿದಾಗ ಅವನು ಕಾಲು ಬಡಿಯುತ್ತಿದ್ದ, ಅಂಕಿ ನಿಲ್ಲುತ್ತಿರಲಿಲ್ಲ. ಅವ್ವ ನನ್ನ ಕೈ ಹಿಡಿದಿದ್ದಳು. ಎರಡು ಕಿಲೋ ಒಂಬೈನೂರ ಮೂವತ್ತು. ಡಾಕ್ಟರು ಎರಡನೆಯ ಸಲ ನೋಡಲಿಲ್ಲ. ಅವ್ವ ನೋಡಿದಳು, ಕನ್ನಡಕ ಹಾಕಿಕೊಂಡು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತಾನೇ ಬರೆದಳು. ಹೊರಗೆ ಬಂದು ಖಾಲಾಗೆ ಫೋನ್ ಮಾಡಿ ಹುಟ್ಟಿದಾಗಿನ ತೂಕದ ಮೇಲಿನ ಮೂವತ್ತು ಗ್ರಾಮನ್ನು ಮೂರು ಸಲ ಹೇಳಿದಳು. ಆ ಹಳೆಯ ಮಾತನ್ನು ಅವಳು ಮತ್ತೆ ಹೇಳಲಿಲ್ಲ. ನನ್ನ ಲೆಕ್ಕ ಮೂವತ್ತೊಂದಕ್ಕೇ ನಿಂತಿದೆ.

ನಲವತ್ತನೆಯ ದಿನ ಸಂಜೆ ಅಜ್ಜಿ ಅಪ್ಪನನ್ನು ಕರೆದು ಮಿರ್ಚಿ ತರಿಸಿದಳು. ನನ್ನ ಕೋಣೆಯ ಕಿಡಕಿಯ ಹೊರಗೆ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಅವ್ವನನ್ನು ಎದುರಿಗೆ ಕೂರಿಸಿ, ಒಂದನ್ನೂ ಕೊಡದೆ ತಿಂದಳು. ನಿನ್ನ ಹನ್ನೊಂದು ನೀ ಆಗಲೇ ತಿಂದಿದ್ದೀ ಎಂದಳು. ಒಂದೂವರೆ ತಿಂದು ಅವಳಿಗೆ ಸಾಕಾಯಿತು, ಇನ್ನರ್ಧ ಕೈಯಲ್ಲೇ ಇತ್ತು. ಉಳಿದದ್ದನ್ನು ಮುಚ್ಚಿಟ್ಟು ಬಾ ಎಂದು ಅವ್ವನನ್ನು ಒಳಗೆ ಕಳಿಸಿದಳು. ಅವ್ವ ಅತ್ತ ಹೋದ ಮೇಲೆ ಕಿಡಕಿಯ ಕದ ಸ್ವಲ್ಪ ಸರಿಯಿತು. ನೆರಿಗೆಗಟ್ಟಿದ ಒಂದು ಕೈ ಒಳಗೆ ಬಂತು, ಅದರಲ್ಲಿ ಕಾಗದದಲ್ಲಿ ಸುತ್ತಿದ ಬಿಸಿ ಬಿಸಿ ಅರ್ಧ ಮಿರ್ಚಿ.

ತಿಂದು ಬೆರಳು ಒರೆಸಿಕೊಂಡು ವಹಿ ತೆಗೆದೆ. ಅವ್ವ ಈಗ ದಿನಾ ಅದನ್ನು ಓದುತ್ತಾಳೆ. ಹೀಗಾಗಿ ಮಿರ್ಚಿ ಎಂದು ಬರೆಯಲಿಲ್ಲ. "ದಿನ ೪೦. ಕಿಡಕಿ ೧" ಎಂದಷ್ಟೇ ಬರೆದೆ.

ಮರುದಿನ ನೋಡಿದಾಗ ಅವ್ವ ಆ ಒಂದನ್ನು ಹೊಡೆದು ಅರ್ಧ ಎಂದು ತಿದ್ದಿದ್ದಳು.